ಮೂವರು ಪ್ರಿನ್ಸಿಪಾಲರು, ಒಂದು ಮೈಕು

ನನ್ನ ಕುರ್ಚಿಗೆ ಹೊಸದಾಗಿ ಬಂದು ಕೂತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಯಾವ ಗುಂಡಿ ಒತ್ತಬೇಕು, ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಾರೆ. ಅದನ್ನೆಲ್ಲ ಕಂಪ್ಯೂಟರೇ ಹೇಳಿಕೊಡುತ್ತದಪ್ಪ, ನನ್ನನ್ನೇಕೆ ಕೇಳುತ್ತೀರಿ. ಅದು ಹೇಳಿಕೊಡದ ವಿದ್ಯೆ ಒಂದಿದೆ. ಮೈಕಿನ ಮುಂದೆ ಬಂದು ನಿಂತ ಮನುಷ್ಯನನ್ನು, ಅವನ ಮರ್ಯಾದೆಗೆ ಕುಂದು ಬಾರದ ಹಾಗೆ, ಒಂದು ಹೆಜ್ಜೆ ಹಿಂದಕ್ಕೆ ಕಳಿಸುವುದು ಹೇಗೆ ಎಂಬ ವಿದ್ಯೆ. ಆಕ್ಲೆಂಡಿನ ಒಂದು ಸಮುದಾಯ ರೇಡಿಯೋದಲ್ಲಿ ಸ್ಟುಡಿಯೋ ಆಪರೇಟರ್ ಎಂಬ ಹೆಸರಿನಲ್ಲಿ ನಾನು ಮಾಡಿದ ಕೆಲಸ ಬಹುಮಟ್ಟಿಗೆ ಅದೇ. ನಿವೃತ್ತಿಯ ದಿನದವರೆಗೂ ಅದು ನನಗೆ ಪೂರ್ತಿ ಒಲಿಯಲಿಲ್ಲ.

ಹೆಸರು ನೂರ್‌ಜಹಾನ್. ಗದಗಿನ ಕಡೆಯವಳು. ಈಸ್ಟ್ ತಮಾಕಿ ಬಡಾವಣೆಯ ಪಂಪ್ ಕಾರ್ಖಾನೆಯಲ್ಲಿ ಗಂಡನಿಗೆ ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗ ನನಗೆ ಗೊತ್ತಿದ್ದ ಕಸುಬು ರೇಡಿಯೋ ಒಂದೇ. ಊರ ಕಡೆಯ ಸಣ್ಣ ರೇಡಿಯೋ ಕೇಂದ್ರವೊಂದರಲ್ಲಿ ನಾಟಕ ವಿಭಾಗದಲ್ಲಿದ್ದೆ. ಇಲ್ಲಿಯ ಸ್ಟೇಷನ್ನಿನಲ್ಲಿ ಪ್ರತಿಯೊಂದು ಭಾಷೆಯವರಿಗೂ ವಾರಕ್ಕೆ ಅರ್ಧ ಗಂಟೆ. ಗಾಜಿನ ಆಚೆ ಅವರು ಮಾತಾಡುತ್ತಾರೆ, ಈಚೆ ಕೂತು ನಾನು ದನಿ ಏರಿಸುತ್ತೇನೆ, ಇಳಿಸುತ್ತೇನೆ. ಸಮೋವನ್ನರ ಪ್ರಾರ್ಥನಾ ಗುಂಪು ಹಾಡತೊಡಗಿದರೆ ಗಾಜು ನಡುಗುತ್ತಿತ್ತು. ಕೊರಿಯನ್ನರು ತಮ್ಮ ಸಮಯಕ್ಕಿಂತ ಬಹಳ ಮೊದಲೇ ಬಂದು ಹೊರಗೆ ಸಾಲಾಗಿ ಕೂತಿರುತ್ತಿದ್ದರು. ನಮ್ಮ ಕನ್ನಡದವರು ಮಾತ್ರ ಪ್ರಸಾರದ ಕೆಂಪು ದೀಪ ಹತ್ತಿದ ಮೇಲೆ ಬರುತ್ತಿದ್ದರು, ಆದರೆ ತಿಂಡಿಯ ಡಬ್ಬಿ ಮರೆಯುತ್ತಿರಲಿಲ್ಲ.

ಚಳಿಗಾಲದಲ್ಲಿ ಇನ್ನೊಂದು ಪೀಡೆ. ಎಲ್ಲರೂ ಆ ಉಬ್ಬಿದ ಜಾಕೆಟ್ ಹಾಕಿಕೊಂಡೇ ಸ್ಟುಡಿಯೋದೊಳಗೆ ನುಗ್ಗುವರು. ಕೈ ಅಲುಗಿದರೆ ಸಾಕು, ಮೈಕಿನಲ್ಲಿ ಯಾರೋ ಬೋಂಡ ಕರಿಯುತ್ತಿರುವ ಸದ್ದು. ಜಾಕೆಟ್ ಬಿಚ್ಚಿ ಎಂದರೆ ಚಳಿ ಎನ್ನುವರು. ಸುಮ್ಮನೆ ನಿಲ್ಲಿ ಎಂದರೆ ಕೈ ಆಡಿಸದೆ ಕನ್ನಡ ಬರುವುದಿಲ್ಲ ಎನ್ನುವರು. ಎರಡನೆಯದನ್ನು ನಾನು ಒಪ್ಪುತ್ತೇನೆ.

ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ಆಗ ಕನ್ನಡದ ಅರ್ಧ ಗಂಟೆ ಹೇಗಿತ್ತೆಂದರೆ, ಮೊದಲು ಇಲ್ಲಿಯ ಕನ್ನಡ ಸಂಘದ ಅಧ್ಯಕ್ಷರ ಭಾಷಣ. ಆಮೇಲೆ ಕಾರ್ಯದರ್ಶಿಯಿಂದ ಅಧ್ಯಕ್ಷರ ಭಾಷಣಕ್ಕೆ ಮೆಚ್ಚುಗೆ. ಆಮೇಲೆ ಹುಟ್ಟುಹಬ್ಬದ ಶುಭಾಶಯಗಳು, ಒಂದು ಹಾಡು, ಕೊನೆಗೆ ಅಧ್ಯಕ್ಷರಿಂದ ವಂದನಾರ್ಪಣೆ. ಅಧ್ಯಕ್ಷರು ರಂಗಪ್ರಸಾದ್. ಮೈಸೂರಿನವರು, ಸಾಫ್ಟ್‌ವೇರಿನಲ್ಲಿ ದೊಡ್ಡ ಹುದ್ದೆ, ಬಾಟನಿ ಡೌನ್ಸ್ ಬಡಾವಣೆಯಲ್ಲಿ ದೊಡ್ಡ ಮನೆ. ಕೆಟ್ಟ ಮನುಷ್ಯರಲ್ಲ. ಕನ್ನಡದ ಮೇಲೆ ನಿಜವಾದ ಪ್ರೀತಿ ಇತ್ತು. ಆ ಪ್ರೀತಿಯನ್ನು ತಾವೇ ಗಟ್ಟಿಯಾಗಿ ಹೇಳದಿದ್ದರೆ ಬೇರೆ ಯಾರೂ ಹೇಳಲಾರರು ಎಂಬ ಚಿಂತೆಯೂ ಇತ್ತು.

ಸ್ಟೇಷನ್ನಿನ ಮ್ಯಾನೇಜರ್ ಟ್ರೇಸಿ ಎಂಬಾಕೆ. ಒಂದು ದಿನ ಕಾಫಿ ಕಪ್ಪು ಹಿಡಿದು ನನ್ನ ಪಕ್ಕ ಬಂದು ನಿಂತು, "ನೂರ್, ನಿಮ್ಮ ಭಾಷೆಯ ಒಂದು ಪದವೂ ನನಗೆ ತಿಳಿಯುವುದಿಲ್ಲ. ಕೇಳುಗರು ಕರೆ ಮಾಡಿದರೆ ಹತ್ತುವ ಫೋನಿನ ದೀಪ ಮಾತ್ರ ತಿಳಿಯುತ್ತದೆ. ಆ ಅರ್ಧ ಗಂಟೆಯಲ್ಲಿ ಅದು ಒಂದು ಸಲವೂ ಹತ್ತಿದ್ದನ್ನು ನಾನು ನೋಡಿಲ್ಲ. ಆ ಸಮಯಕ್ಕೆ ಬೇರೆಯವರು ಕಾಯುತ್ತಿದ್ದಾರೆ," ಎಂದಳು. ಬೈದಳು ಎಂದೇನೂ ಅಲ್ಲ. ಈ ದೇಶದವರು ಬೈಯುವುದು ಹಾಗೇ, ಹವಾಮಾನ ಹೇಳಿದ ಹಾಗೆ.

ವಾರವಿಡೀ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಹೇಳಿ ಹೇಳಿ, ಆ ಅರ್ಧ ಗಂಟೆ ಬಂದಾಗ ನಾನು ಮಾಡುವ ಕೆಲಸ ನನ್ನ ಕಿವಿಗೆ ನನ್ನದೆನಿಸುತ್ತಿತ್ತು. ಭಾಷಣವಾದರೇನಂತೆ, ಕನ್ನಡದ ಭಾಷಣ. ಅದು ಹೋದರೆ ಆ ಕಟ್ಟಡದಲ್ಲಿ ನಾನೂ ಒಂದು ಕೇಬಲ್ಲಿನಂತೆ ಬಿದ್ದಿರಬೇಕಾಗಿತ್ತು.

ಆಗ ನೆನಪಾದದ್ದು ಹಳೇಬಾವಿ ಕಾಲೇಜು. ನಾನು ಊರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕೇಂದ್ರದಿಂದ ಬರುತ್ತಿದ್ದ ವಾರದ ಹಾಸ್ಯ ಧಾರಾವಾಹಿ ಅದು. ಹಳೇಬಾವಿ ಎಂಬ ಇಲ್ಲದ ಊರು, ಅಲ್ಲೊಂದು ಪುಟ್ಟ ಕಾಲೇಜು. ಒಬ್ಬ ಪ್ರಿನ್ಸಿಪಾಲ, ಒಬ್ಬ ಟೈಪಿಸ್ಟ್, ಚಹಾ ಕುದಿದಾಗ ಗಂಟೆ ಹೊಡೆಯುವ ಒಬ್ಬ ಪ್ಯೂನ್, ಯಾವ ವರ್ಷವೂ ಪಾಸಾಗದ ಒಬ್ಬ ವಿದ್ಯಾರ್ಥಿ. ಇನ್‌ಸ್ಪೆಕ್ಷನ್ ಬಂತೆಂದರೆ ಬೆಂಚು ತುಂಬಿಸಲು ಪ್ರಿನ್ಸಿಪಾಲರು ಬಸ್ ಸ್ಟ್ಯಾಂಡಿನಿಂದ ಪ್ರಯಾಣಿಕರನ್ನು ಕರೆತರುವರು. ಇನ್‌ಸ್ಪೆಕ್ಟರು ಪ್ರಶ್ನೆ ಕೇಳುವ ಹೊತ್ತಿಗೆ ಬಸ್ಸಿನ ಹಾರ್ನ್ ಕೇಳಿ ಇಡೀ ತರಗತಿ ಎದ್ದು ಓಡುವುದು. ಅದರಲ್ಲಿ ನನ್ನ ಮೊದಲ ಪಾತ್ರ ಗಂಟೆ. ಹಿತ್ತಾಳೆಯ ತಟ್ಟೆ, ಮರದ ಕೊಡತಿ, ಅಷ್ಟೇ.

ಅದರ ಟೇಪುಗಳು ಒಂದೂ ಉಳಿಯಲಿಲ್ಲ. ಟೇಪಿಗೆ ಬರವಿದ್ದ ಕಾಲ. ಮಂತ್ರಿಗಳೊಬ್ಬರು ಕಾಲುವೆ ಉದ್ಘಾಟನೆಗೆ ಬರುತ್ತಾರೆಂದು ನಮ್ಮ ಸಾಹೇಬರು ಹಳೇಬಾವಿಯ ಅಷ್ಟೂ ಟೇಪುಗಳನ್ನು ಅಳಿಸಿ ಸಿದ್ಧವಾಗಿಟ್ಟುಕೊಂಡರು. ಮಂತ್ರಿಗಳು ದೀರ್ಘವಾಗಿಯೇ ಮಾತಾಡಿದರು. ಭಾಷಣ ಪ್ರಸಾರವಾಗುವ ಮೊದಲೇ ಅವರ ಕುರ್ಚಿ ಹೋಯಿತು, ಹೊಸಬರಿಗೆ ಹೆದರಿ ಸಾಹೇಬರು ಅದನ್ನೂ ಅಳಿಸಿದರು. ಕಾಲುವೆಯಲ್ಲಿ ನೀರೂ ಬರಲಿಲ್ಲವೆಂದು ಕೇಳಿದ್ದೇನೆ. ನಗುವವರನ್ನು ಅಳಿಸಿ ಗಂಭೀರವಾಗಿರುವವರನ್ನು ತುಂಬಿಕೊಳ್ಳುವ ಸಾಹೇಬರು ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಸಿಗುತ್ತಾರೆ, ಸಿದ್ಧರಾಗಿರಿ.

ಆದರೆ ಕಥೆಗಳು ನನ್ನ ತಲೆಯಲ್ಲಿದ್ದವು. ಅದನ್ನೇ ಮತ್ತೆ ಆಡೋಣ ಎಂದು ರಂಗಪ್ರಸಾದರಿಗೆ ಹೇಳಿದೆ. ಆ ಅರ್ಧ ಗಂಟೆ ಕಳೆದುಕೊಳ್ಳುವ ಭಯ ಅವರಿಗೂ ಇತ್ತು. ಕೂಡಲೇ ತಮ್ಮ ಮನೆಯಲ್ಲಿ ಸಭೆ ಕರೆದರು. ಉಪ್ಪಿಟ್ಟು ಕೇಸರಿಬಾತು ಆದ ಮೇಲೆ ಪಾತ್ರ ಹಂಚಿಕೆ.

"ನೋಡಿ ನೂರ್ ಮೇಡಂ, ಪ್ರಿನ್ಸಿಪಾಲ್ ಅಂದ್ರೆ ಒಂದು ಗತ್ತು ಬೇಕು. ಆಫೀಸಲ್ಲಿ ಅಷ್ಟು ದೊಡ್ಡ ಟೀಮ್ ಲೀಡ್ ಮಾಡ್ತೀನಿ, ನಂಗದು ನ್ಯಾಚುರಲ್ಲಾಗಿ ಬರತ್ತೆ," ಎಂದರು ರಂಗಪ್ರಸಾದ್.

ಪ್ಯೂನ್ ಪಾತ್ರಕ್ಕೆ ನಾನು ಗುರುಪಾದಪ್ಪನವರ ಮುಖ ನೋಡಿದೆ. ವಿಜಯಪುರದವರು, ಹೈಡ್ರಾಲಿಕ್ಸ್ ಇಂಜಿನಿಯರ್, ಕಂಚಿನಂಥ ದನಿ. ಅವರು ತಟ್ಟೆ ಕೆಳಗಿಟ್ಟರು. "ನಾನೂ ಪ್ರಿನ್ಸಿಪಾಲ್ ಆಗಾಕ ಬಂದೀನ್ರೀ ಅಕ್ಕಾರ. ನಮ್ಮ ಕಡೀ ಮಾತು ಬಂತಂದ್ರ ಗಂಟಿ ಹೊಡಿಯಾಕ ನಿಲ್ಲಸ್ತಾರ ಎಲ್ಲಾ ನಾಟಕದಾಗ. ನೀವೂ ನಮ್ಮ ಕಡ್ಯಾವ್ರಾಗಿ ಹಂಗ ಮಾಡಿದ್ರ ಹ್ಯಾಂಗ?"

ಅವರು ಹೇಳಿದ್ದು ನಿಜವೇ ಆಗಿತ್ತು. ಟೈಪಿಸ್ಟ್ ಪಾತ್ರಕ್ಕೆಂದು ಬೆಂಗಳೂರಿನ ವಸುಧಾ ಕಡೆ ತಿರುಗಿದರೆ, ಆಕೆ ನಾನು ಬಾಯಿ ತೆರೆಯುವ ಮೊದಲೇ, "ಹೆಂಗಸು ಅಂದ ತಕ್ಷಣ ಟೈಪಿಸ್ಟಾ ಆಂಟಿ? ಮಾಡಿದ್ರೆ ಪ್ರಿನ್ಸಿಪಾಲ್, ಇಲ್ಲಾಂದ್ರೆ ನಾನ್ ಬರಲ್ಲ," ಎಂದಳು. ಅದೂ ನಿಜವೇ. ಪ್ರತಿಯೊಬ್ಬರ ಮಾತೂ ಸರಿ, ಕಾಲೇಜು ಮಾತ್ರ ಹದಗೆಟ್ಟಿತು.

ಕೊನೆಗೆ ರಾಜಿಯಾಯಿತು. ರಂಗಪ್ರಸಾದ್ ಬೆಳಗಿನ ಪಾಳಿಯ ಪ್ರಿನ್ಸಿಪಾಲರು, ಗುರುಪಾದಪ್ಪ ಸಂಜೆ ಪಾಳಿಯ ಪ್ರಿನ್ಸಿಪಾಲರು, ವಸುಧಾ ಪ್ರಭಾರ ಪ್ರಿನ್ಸಿಪಾಲರು. ಪ್ಯೂನ್ ಇಲ್ಲ, ಟೈಪಿಸ್ಟ್ ಇಲ್ಲ, ವಿದ್ಯಾರ್ಥಿ ಇಲ್ಲ. ಗಂಟೆ ಮತ್ತೆ ನನ್ನ ಕೈಗೇ ಬಂತು. ಅಷ್ಟು ವರ್ಷದ ಸೇವೆಯಲ್ಲಿ ನನಗೆ ಸಿಕ್ಕ ಬಡ್ತಿ ಅದು.

ಈಗ ನಮ್ಮ ಹಳೆಯ ಪದ್ಧತಿಯ ಬಗ್ಗೆ ಸ್ವಲ್ಪ ಹೇಳಬೇಕು. ಈಗಿನವರು ಒಬ್ಬೊಬ್ಬರಿಗೆ ಒಂದೊಂದು ಮೈಕು ಕೊಡುತ್ತೀರಿ. ಎಲ್ಲರ ದನಿಯೂ ಒಂದೇ ಜಾಗದಿಂದ ಬಂದು, ನಾಟಕವೆಲ್ಲ ಆಫೀಸಿನ ಕಾನ್ಫರೆನ್ಸ್ ಕಾಲ್ ಆಗುತ್ತದೆ. ಹಿಂದೆ ಎಲ್ಲರಿಗೂ ಸೇರಿ ಒಂದೇ ಮೈಕು. ಹತ್ತಿರ ನಿಂತವನು ಕುರ್ಚಿಯಲ್ಲಿ ಕೂತವನು. ಎರಡು ಹೆಜ್ಜೆ ಹಿಂದೆ ನಿಂತವನು ಮೇಜಿನ ಆಚೆ ನಿಂತವನು. ಸ್ಟುಡಿಯೋದ ಬಾಗಿಲ ಬಳಿ ನಿಂತು ಕೂಗಿದರೆ ವರಾಂಡದಿಂದ ಕೂಗಿದ ಹಾಗೆ ಕೇಳುತ್ತದೆ. ಕೇಳುವವರು ಕಣ್ಣು ಮುಚ್ಚಿದರೂ ಯಾರು ಎಲ್ಲಿದ್ದಾರೆಂದು ಗೊತ್ತಾಗುತ್ತದೆ. ನಾನು ಕಾರ್ಪೆಟ್ಟಿನ ಮೇಲೆ ಹಳದಿ ಟೇಪಿನಿಂದ ಮೂರು ಗುರುತು ಹಾಕಿದೆ: ಕುರ್ಚಿ, ಮೇಜು, ವರಾಂಡ.

ಅಭ್ಯಾಸದ ದಿನಗಳಲ್ಲಿ ವರಾಂಡದ ಗುರುತಿನ ಮೇಲೆ ಯಾರೂ ನಿಲ್ಲಲಿಲ್ಲ. ಮೇಜಿನ ಗುರುತಿನ ಮೇಲೆ ನಿಂತವರು ಎರಡು ಮಾತಾಡುವಷ್ಟರಲ್ಲಿ ಮುಂದಕ್ಕೆ ತೆವಳುವರು. ಕಥೆಯ ಪ್ರಕಾರ ಗುರುಪಾದಪ್ಪನವರು ಬಾಗಿಲು ತೆರೆದು ಒಳಗೆ ಬಂದು ನಮಸ್ಕಾರ ಹೇಳಬೇಕು. ದನಿ ಕೇಳಿದರೆ ಬಾಗಿಲು ದಾಟಿ, ಮೇಜು ಹತ್ತಿ, ರಂಗಪ್ರಸಾದರ ತೊಡೆಯ ಮೇಲೆ ಕೂತು ನಮಸ್ಕಾರ ಹೇಳಿದಂತಿತ್ತು. ಮೂವರೂ ಮೈಕಿಗೆ ಮೂಗು ತಾಗಿಸಿ ಉಬ್ಬಿದ ಜಾಕೆಟುಗಳಲ್ಲಿ ತಿಕ್ಕಾಡುತ್ತಿದ್ದರು. "ಹಿಂದ ಸರೀರಿ, ಹಿಂದ ಸರೀರಿ" ಎಂದು ಗಾಜಿನ ಈಚೆಯಿಂದ ಕೈ ಬೀಸಿ ಬೀಸಿ ನನಗೆ ಭುಜ ನೋವು ಬಂತು. ಅವರು ಅದನ್ನು ಮೆಚ್ಚುಗೆ ಎಂದುಕೊಂಡು ಕೈ ಬೀಸಿದರು.

ಗುರುಪಾದಪ್ಪನವರ ಒಂದು ಉಪಕಾರ ಮರೆಯಬಾರದು. ಬಾಗಿಲಿನ ಸದ್ದಿಗೆ ನಿಜವಾದ ಬಾಗಿಲೇ ಬೇಕೆಂದು ನಾನು ಗೊಣಗಿದ್ದನ್ನು ಕೇಳಿ, ಯಾರೋ ಒಡೆದ ಹಳೆಯ ಮನೆಯ ಬಾಗಿಲನ್ನು ಚೌಕಟ್ಟಿನ ಸಮೇತ ಇಲ್ಲಿಯವರು ಯೂಟ್ ಎನ್ನುವ ತಮ್ಮ ತೆರೆದ ಗಾಡಿಯ ಹಿಂದೆ ಹಾಕಿಕೊಂಡು ಬಂದರು. ಅದರ ಕಿರುಗುಟ್ಟುವಿಕೆ ಅಪ್ಪಟ ಸರ್ಕಾರಿ ಕಾಲೇಜಿನದು. ಟ್ರೇಸಿ ಬಂದು ಸುತ್ತ ನೋಡಿ, ಸುರಕ್ಷತೆಯ ನಿಯಮದಂತೆ ಅದಕ್ಕೆ 'ಇದು ಹೊರಗೆ ಹೋಗುವ ದಾರಿಯಲ್ಲ' ಎಂಬ ಫಲಕ ಹಚ್ಚಿಸಿದಳು. ಸ್ಟುಡಿಯೋದ ನಟ್ಟ ನಡುವೆ, ಗೋಡೆಯೇ ಇಲ್ಲದೆ ನಿಂತ ಬಾಗಿಲಿಗೆ.

ಮೊದಲ ಪ್ರಸಾರ ಇನ್‌ಸ್ಪೆಕ್ಷನ್ ಕಥೆ, ನೇರ ಪ್ರಸಾರ. ವಿದ್ಯಾರ್ಥಿ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಆ ಭಾನುವಾರ ರಂಗಪ್ರಸಾದರ ಮಗಳು ಅನ್ವಿ ಜೊತೆಗೆ ಬಂದಿದ್ದಳು. ಹೈಸ್ಕೂಲಿನ ಹುಡುಗಿ, ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೂಲೆಯಲ್ಲಿ ಫೋನು ನೋಡುತ್ತ ಕೂತಿದ್ದವಳನ್ನು, "ನೀನ ವಿದ್ಯಾರ್ಥಿ ಆಗವಾ," ಎಂದು ಕೇಳಿದೆ.

"ಐ ಕಾಂಟ್ ರೀಡ್ ಕನ್ನಡ, ಆಂಟಿ."

"ಓದೋದು ಬ್ಯಾಡ. ಇವರು ಬೈತಾರ. ಮನ್ಯಾಗ ಬೈದಾಗ ಏನ್ ಹೇಳ್ತೀಯೋ ಅದನ್ನ ಹೇಳು."

ಕೆಂಪು ದೀಪ ಹತ್ತಿತು. ಬಾಗಿಲು ಕಿರುಗುಟ್ಟಿತು. ಮೂವರು ಪ್ರಿನ್ಸಿಪಾಲರೂ ಇಡೀ ಕಾಲೇಜಿನ ಏಕೈಕ ವಿದ್ಯಾರ್ಥಿನಿಯ ಮೇಲೆ ಬಿದ್ದರು.

"ಏನಮ್ಮಾ, ಇನ್‌ಸ್ಪೆಕ್ಟರ್ ಬರೋ ದಿನಾನೂ ಲೇಟಾ?" ಎಂದರು ರಂಗಪ್ರಸಾದ್.

"ಯೆಹ್, ನಾಹ್. ಬಸ್ ವಾಸ್ ಲೇಟ್."

"ಹೋಮ್‌ವರ್ಕ್ ಎಲ್ಲಿ?" ಎಂದಳು ವಸುಧಾ.

"ಇಟ್ಸ್ ಆನ್ ಮೈ ಲ್ಯಾಪ್‌ಟಾಪ್. ಇಟ್ಸ್ ಆಲ್ ಗುಡ್."

"ಏನ್ ಆಲ್ ಗುಡ್ಡು! ಹಿರ್ಯಾರ ಮುಂದ ಹಿಂಗ ಮಾತಾಡ್ತಾರೇನ್?" ಎಂದು ಗುಡುಗಿದರು ಗುರುಪಾದಪ್ಪ.

"ಚಿಲ್, ಅಂಕಲ್."

ಫೋನಿನ ದೀಪ ಹತ್ತಿತು. ಇನ್ನೊಂದು ಹತ್ತಿತು. ಬಾಟನಿ ಡೌನ್ಸಿನ ಯಾರದೋ ಅಜ್ಜಿ, ಇದು ನಮ್ಮ ಮನೆಯ ಮಾತು, ನಮ್ಮ ಅಡುಗೆಮನೆಯಲ್ಲಿ ಮೈಕು ಇಟ್ಟಿದ್ದೀರಾ ಎಂದು ಕೇಳಿದರು. ದೂರದ ಹಾರ್ನ್‌ಬಿ ಎಂಬಲ್ಲಿಯ ಗೋದಾಮಿನಲ್ಲಿ ಕೆಲಸ ಮಾಡುವ ಒಬ್ಬರು ಮೊಬೈಲಿನಲ್ಲಿ ಕೇಳಿ, ತಮ್ಮ ಮಗನೂ ಪಕ್ಕದಲ್ಲೇ ಕೂತು ಕೇಳಿದ, ಕನ್ನಡ ಕಾರ್ಯಕ್ರಮಕ್ಕೆ ಅವನು ಕೂತದ್ದು ಇದೇ ಮೊದಲು ಎಂದು ಹೇಳಿದರು. ಟ್ರೇಸಿ ಗಾಜಿನ ಹಿಂದಿನಿಂದ ಮೆಚ್ಚಿ ಹೆಬ್ಬೆರಳು ಎತ್ತಿದಳು. ನಾನು ಖುಷಿಯಲ್ಲಿ ಗಂಟೆಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಹೊಡೆದೆ.

ಇಲ್ಲಿಗೆ ಮುಗಿದಿದ್ದರೆ ಅದು ಸಂಘವೇ ಅಲ್ಲ. ಯಶಸ್ಸು ಬಂದದ್ದೇ ತಡ, ಅದನ್ನು ಸರಿಪಡಿಸಲು ಸಮಿತಿ ರಚನೆಯಾಯಿತು. ಕನ್ನಡ ಕಾರ್ಯಕ್ರಮದಲ್ಲಿ ಅಷ್ಟೊಂದು ಇಂಗ್ಲಿಷೇ, ಅದೂ ಅಧ್ಯಕ್ಷರ ಮಗಳ ಬಾಯಲ್ಲೇ ಎಂದು ಯಾರೋ ಹಿರಿಯರು ಅಂದರಂತೆ. ರಂಗಪ್ರಸಾದರಿಗೆ ಅದು ನಾಟಿತು. ಮುಂದಿನ ಕಂತಿಗೆ ಅನ್ವಿಯ ಮಾತುಗಳನ್ನು ತಾವೇ ಬರೆದರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮಗಳಿಗೆ ಬಾಯಿಪಾಠ ಮಾಡಿಸಿದರು. ಆ ಹುಡುಗಿ ಬಂದು, "ಪೂಜ್ಯ ಪ್ರಾಂಶುಪಾಲರೇ, ವಿಳಂಬವಾಗಿ ಆಗಮಿಸಿದ್ದಕ್ಕೆ ಕ್ಷಮೆ ಕೋರುತ್ತೇನೆ," ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಹಳೇಬಾವಿಯಲ್ಲೇ ಆಗಲಿ, ಇಡೀ ಕರ್ನಾಟಕದಲ್ಲೇ ಆಗಲಿ ಯಾವ ವಿದ್ಯಾರ್ಥಿಯೂ ತಡವಾಗಿ ಬಂದು ಹಾಗೆ ಮಾತಾಡಿರಲಾರ.

"ಸರ್, ಆ ಹುಡುಗಿ ತನ್ನ ಮಾತು ತಾನ ಆಡ್ಲಿ," ಎಂದೆ ರಂಗಪ್ರಸಾದರಿಗೆ.

"ಮೇಡಂ, ಮನೇಲಂತೂ ಅವ್ಳು ಕನ್ನಡ ಆಡಲ್ಲ. ರೇಡಿಯೋಲಾದ್ರೂ ಆಡ್ಲಿ ಬಿಡಿ," ಎಂದರು. ದನಿ ಸಣ್ಣದಾಗಿತ್ತು. ಆಗ ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ಮಗಳು ಇಷ್ಟು ವರ್ಷ ಏನು ಹೇಳುತ್ತ ಬಂದಳೆಂದು ಅವರು ಕೇಳಿಸಿಕೊಂಡಿರಲಿಲ್ಲ. ಯಾವ ಭಾಷೆಯಲ್ಲಿ ಹೇಳಿದಳೆಂಬುದನ್ನಷ್ಟೇ ಕೇಳಿಸಿಕೊಂಡಿದ್ದರು.

ಫೋನಿನ ದೀಪಗಳು ಒಂದೊಂದಾಗಿ ಸತ್ತವು. ಕಂತು ಮುಂದುವರಿದಷ್ಟೂ ಭಾಷೆ ಶುದ್ಧವಾಯಿತು, ಕೇಳುವವರು ಇಲ್ಲವಾದರು. ಟ್ರೇಸಿ ಮತ್ತೆ ಕಾಫಿ ಕಪ್ಪು ಹಿಡಿದು ಬಂದಳು. ಈ ಭಾನುವಾರವೂ ಹೀಗೇ ಇದ್ದರೆ ಆ ಸಮಯವನ್ನು ಬೇರೆಯವರಿಗೆ ಕೊಡುತ್ತೇನೆ ಎಂದಳು. ಮೂವರಿಗೂ ಹೇಳಿದೆ. ರಂಗಪ್ರಸಾದ್ ಹೆದರಿದರು. ಹೆದರಿದ ಅಧ್ಯಕ್ಷರು ಏನು ಮಾಡುತ್ತಾರೆ? ಮಗಳಿಗೆ ಇನ್ನೂ ಉದ್ದದ ಮಾತು ಬರೆದುಕೊಟ್ಟರು.

ಆ ಭಾನುವಾರದ ಕಥೆಯಲ್ಲಿ ಕಾಲೇಜು ಮುಚ್ಚುವ ಆದೇಶ ಬಂದಿರುತ್ತದೆ, ಅದನ್ನು ಉಳಿಸಲು ವಿದ್ಯಾರ್ಥಿನಿ ಇನ್‌ಸ್ಪೆಕ್ಟರ ಮುಂದೆ ಮಾತಾಡಬೇಕು. ಅನ್ವಿ ಮೈಕಿನ ಮುಂದೆ ನಿಂತಳು. "ಮಾನ್ಯ ಪರಿವೀಕ್ಷಕರೇ, ಜ್ಞಾನದೇಗುಲವಾದ ಈ..." ಎಂದು ಹೇಳಿ ತಡವರಿಸಿದಳು. ಮೇಜಿನ ಗುರುತಿನ ಮೇಲಿದ್ದ ರಂಗಪ್ರಸಾದ್ ಒಂದು ಹೆಜ್ಜೆ ಮುಂದೆ ಬಂದು, "ಈ ವಿದ್ಯಾಲಯವು," ಎಂದು ಪಿಸುಗುಟ್ಟಿದರು. ಅವಳು "ವಿದ್ಯಾಲಯವು," ಎಂದಳು. ಅವರು ಇನ್ನೊಂದು ಹೆಜ್ಜೆ ಬಂದರು. ಮೈಕಿಗೆ ಎಷ್ಟು ಹತ್ತಿರ ಬಂದರೆಂದರೆ, ಆಕ್ಲೆಂಡಿನ ಪ್ರತಿ ಮನೆಯಲ್ಲೂ ಅಪ್ಪನ ಪಿಸುಮಾತು ದೊಡ್ಡದಾಗಿಯೂ ಮಗಳ ದನಿ ಎಲ್ಲೋ ದೂರದ್ದಾಗಿಯೂ ಕೇಳುತ್ತಿತ್ತು. ನಾನು ಗಾಜಿನ ಈಚೆ ಎದ್ದು ನಿಂತು ಕೈ ಬೀಸಿದೆ. ಅವರು ನೋಡಲಿಲ್ಲ.

ಅನ್ವಿ ಬಾಯಿ ಮುಚ್ಚಿದಳು. ರೇಡಿಯೋದಲ್ಲಿ ಮೌನ ಎಂದರೆ ನಮ್ಮ ಕಸುಬಿನವರಿಗೆ ಜೀವ ಹೋದ ಹಾಗೆ. ನನ್ನ ಕೈ ಹಾಡಿನ ಗುಂಡಿಯ ಮೇಲೆ ಹೋಯಿತು. ಅಷ್ಟರಲ್ಲಿ ಅವಳು ತಿರುಗಿ ಹೇಳಿದಳು.

"ಅಪ್ಪಾ, ಹಿಂದೆ ಸರಿ. ಇದು ನನ್ ಮಾತು."

ಯಾರೂ ಬರೆದುಕೊಟ್ಟದ್ದಲ್ಲ ಅದು. ರಂಗಪ್ರಸಾದ್ ಕೈಯಲ್ಲಿದ್ದ ಹಾಳೆ ಮಡಚಿ ಜೇಬಿಗಿಟ್ಟರು. ಆಮೇಲೆ ಹಿಂದೆ ಸರಿದರು. ಮೇಜಿನ ಗುರುತಿಗೆ ಬಂದರು, ಅಲ್ಲಿ ನಿಲ್ಲಲಿಲ್ಲ. ಗೋಡೆಯಿಲ್ಲದ ಆ ಬಾಗಿಲನ್ನೂ ದಾಟಿ ವರಾಂಡದ ಗುರುತಿನ ಮೇಲೆ ಹೋಗಿ ನಿಂತರು. ನಾನು ಆ ಟೇಪು ಹಚ್ಚಿದಾಗಿನಿಂದ ಅಲ್ಲಿ ಒಬ್ಬ ಪ್ರಿನ್ಸಿಪಾಲ ನಿಂತದ್ದು ಅದೇ ಮೊದಲು.

"ಸರಿ ಕಣಮ್ಮ. ಹೇಳು," ಎಂದರು ಅಲ್ಲಿಂದ. ದನಿ ದೂರದಿಂದ ತೆಳ್ಳಗೆ ಬಂತು.

"ಈ ಕಾಲೇಜಲ್ಲಿ ನಾನೊಬ್ಳೇ ಸ್ಟೂಡೆಂಟ್," ಎಂದಳು ಅನ್ವಿ. ಪದಕ್ಕೆ ಪದ ಹುಡುಕಿ ಹುಡುಕಿ, ನಿಲ್ಲಿಸಿ ನಿಲ್ಲಿಸಿ ಹೇಳಿದಳು. "ನೀವ್ ಮೂರ್ ಜನಾನೂ ಮಾತಾಡ್ತೀರ. ಆಲ್ ದ ಟೈಮ್. ನಾನ್ ಏನ್ ಹೇಳಿದ್ರೂ ನೀವ್ ಕೇಳಲ್ಲ, ಜಸ್ಟ್ ಬಿಕಾಸ್ ಇಂಗ್ಲಿಷಲ್ ಹೇಳ್ತೀನಿ ಅಂತ. ನಾನೂ ಹೋದ್ರೆ ನೀವ್ ಯಾರಿಗೆ ಪ್ರಿನ್ಸಿಪಾಲ್?"

ಗುರುಪಾದಪ್ಪನವರು ಮೆಲ್ಲಗೆ ಜಾಕೆಟ್ ಸದ್ದಾಗದ ಹಾಗೆ ಹಿಂದೆ ಹೆಜ್ಜೆ ಇಟ್ಟರು. ವಸುಧಾ ಕೂಡ. ಮೈಕಿನ ಮುಂದೆ ಆ ಹುಡುಗಿ ಒಬ್ಬಳೇ ಉಳಿದಳು. ಗಂಟೆ ಹೊಡೆಯಬೇಕಾದ ಸಮಯ, ನನ್ನ ಕಣ್ಣು ಮಂಜಾಗಿ ಕೊಡತಿ ಸಿಗಲಿಲ್ಲ. ಕಂತು ಗಂಟೆಯಿಲ್ಲದೆ ಮುಗಿಯಿತು. ತಲೆ ಎತ್ತಿ ನೋಡಿದರೆ ಫೋನಿನ ಅಷ್ಟೂ ದೀಪಗಳು ಹತ್ತಿದ್ದವು. ಟ್ರೇಸಿ ಒಳಗೆ ಬಂದು, "ಅವಳು ಏನು ಹೇಳಿದಳು?" ಎಂದು ಕೇಳಿದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಕಪ್ಪನ್ನು ನನ್ನ ಮೇಜಿನ ಮೇಲೆ ಇಟ್ಟು, "ನನ್ನ ಮಗನಿಗೆ ಇದನ್ನು ಕೇಳಿಸಬೇಕು ಅಂದುಕೊಂಡೆ, ಆದರೆ ಅವನಿಗಿಂತ ಮೊದಲು ಕೇಳಿಸಿಕೊಳ್ಳಬೇಕಾದವಳು ನಾನೇ," ಎಂದಳು. ಅರ್ಧ ಗಂಟೆ ಉಳಿಯಿತು.

ಮುಂದಿನ ಸಭೆಯಲ್ಲಿ ಸಂಘವು, ಯುವ ಪೀಳಿಗೆಗೆ ವೇದಿಕೆ ಕಲ್ಪಿಸಿದ ದೂರದೃಷ್ಟಿಗಾಗಿ ಅಧ್ಯಕ್ಷರನ್ನು ಅಭಿನಂದಿಸಿತು. ಅಧ್ಯಕ್ಷರು ಮೈಕಿಗೆ ತೀರಾ ಹತ್ತಿರ ನಿಂತು ವಂದನೆ ಹೇಳಿದರು. ಮನುಷ್ಯ ಒಂದು ಭಾನುವಾರದಲ್ಲಿ ಅಷ್ಟೆಲ್ಲ ಬದಲಾಗುವುದಿಲ್ಲ. ಆದರೆ ಆ ಭಾನುವಾರ ಎಲ್ಲರೂ ಹೋದ ಮೇಲೆ ನಾನು ಕಿಟಕಿಯಿಂದ ನೋಡಿದೆ. ಕೆಳಗೆ ಅವರ ಕಾರು ಇನ್ನೂ ನಿಂತಿತ್ತು. ಒಳಗೆ ಅಪ್ಪ ಮಗಳು ಕೂತಿದ್ದರು. ಮಗಳು ಮಾತಾಡುತ್ತಿದ್ದಳು, ಅಪ್ಪ ಕೇಳುತ್ತಿದ್ದರು. ಯಾವ ಭಾಷೆಯಲ್ಲೋ ನನಗೆ ತಿಳಿಯದು. ಅಲ್ಲಿ ಮೈಕಿರಲಿಲ್ಲ.

ಅನ್ವಿ ಈಗ ವೆಲ್ಲಿಂಗ್ಟನ್ನಿನಲ್ಲಿ ಓದುತ್ತಿದ್ದಾಳೆ, ರೇಡಿಯೋಗೆ ಸಂಬಂಧವೇ ಇಲ್ಲದ ವಿಷಯ. ಬಾಗಿಲನ್ನು ಗುರುಪಾದಪ್ಪನವರು ವಾಪಸು ಒಯ್ದು ತಮ್ಮ ಕೋಳಿಗೂಡಿಗೆ ಹಾಕಿಕೊಂಡರು. ಗಂಟೆ ನನ್ನ ಮನೆಯಲ್ಲಿದೆ. ನನ್ನ ಕುರ್ಚಿಗೆ ಬಂದವರೇ, ಆ ಸ್ಟುಡಿಯೋದಲ್ಲಿ ಬೇಕಾದ್ದನ್ನು ಬದಲಾಯಿಸಿ. ಒಬ್ಬೊಬ್ಬರಿಗೆ ಒಂದೊಂದು ಮೈಕು ಕೊಟ್ಟುಕೊಳ್ಳಿ, ನನ್ನದೇನೂ ತಕರಾರಿಲ್ಲ. ಕಾರ್ಪೆಟ್ಟಿನ ಮೇಲಿನ ಕುರ್ಚಿಯ ಗುರುತನ್ನೂ ಮೇಜಿನ ಗುರುತನ್ನೂ ಕಿತ್ತರೂ ಅಡ್ಡಿಯಿಲ್ಲ. ಸ್ಟುಡಿಯೋ ಬಾಗಿಲ ಬಳಿಯ ಆ ವರಾಂಡದ ಹಳದಿ ಟೇಪನ್ನು ಮಾತ್ರ ಹಾಗೇ ಬಿಡಿ. ಯಾವಾಗಲಾದರೂ ಯಾರದಾದರೂ ಅಪ್ಪನಿಗೆ ಅದು ಬೇಕಾಗುತ್ತದೆ.